ಬಸ್ ನಿಲ್ದಾಣದ ದನಿ ಒಂಬತ್ತನೇ ದಿನ ನಿಲ್ಲುತ್ತಿತ್ತು

ಬಸ್ ನಿಲ್ದಾಣದಲ್ಲಿ ನಿಮಿಷಕ್ಕೊಂದು ಘೋಷಣೆ ಕೂಗುವ ಪೆಟ್ಟಿಗೆ ಅದು. ಒಳಗೆ 64 ಬಿಟ್‌ನ ಆರ್ಮ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಲಿನಕ್ಸ್ 6.1 ಕರ್ನಲ್ (ವ್ಯವಸ್ಥೆಯ ತಿರುಳು), ಡಿಜಿಟಲ್ ಧ್ವನಿ ಸಾಗಿಸುವ ಐ2ಎಸ್ ತಂತಿಗಳಿಗೆ ಜೋಡಿಸಿದ ಕೋಡೆಕ್ ಚಿಪ್ (ಅಂಕಿಗಳನ್ನು ದನಿಯಾಗಿಸುವುದು), ಅದರಾಚೆ ಆಂಪ್ಲಿಫೈಯರ್. ಘೋಷಣೆಯ ಪ್ರೋಗ್ರಾಮ್ ಪ್ರತಿ ಸಲವೂ ಧ್ವನಿ ಸಾಧನವನ್ನು ತೆರೆದು, ನುಡಿಸಿ, ಮುಚ್ಚುತ್ತದೆ. ಒಂಬತ್ತನೇ ದಿನ ಬಂತೆಂದರೆ ದನಿ ನಿಲ್ಲುತ್ತಿತ್ತು. ಕರೆಂಟ್ ತೆಗೆದು ಹಾಕಿದರೆ ಮತ್ತೆ ಒಂಬತ್ತು ದಿನ ಸರಾಗ.

ಪೆಟ್ಟಿಗೆ ಬೆಂಚಿನ ಮೇಲೆ ಬಂದಾಗ ಕರ್ನಲ್ ಲಾಗ್‌ನಲ್ಲಿ ಓಒಎಂ ಕಿಲ್ಲರ್‌ನ ವರದಿ ಇತ್ತು. ಮೆಮೊರಿ ಮುಗಿದಾಗ ಕರ್ನಲ್ ಯಾವುದೋ ಒಂದು ಪ್ರೋಗ್ರಾಮನ್ನು ಕೊಲ್ಲುತ್ತದಲ್ಲ, ಅದು. ಸತ್ತದ್ದು ಘೋಷಣೆಯ ಪ್ರೋಗ್ರಾಮ್. ಹಾಗಾಗಿ ಎಲ್ಲರ ಬೆರಳೂ ಅದರ ಕಡೆಗೇ ತಿರುಗಿತ್ತು. ಆದರೆ ಕೊಲೆಯಾದವನೇ ಕಳ್ಳನಾಗಿರಬೇಕೆಂದಿಲ್ಲ. ಕರ್ನಲ್ ಒಳಗೆ ಕೂತು ಕೋಡೆಕ್ ನಡೆಸುವ ಡ್ರೈವರ್ ಹಿಡಿದಿಟ್ಟುಕೊಂಡ ಮೆಮೊರಿ ಯಾವ ಪ್ರೋಗ್ರಾಮಿನ ಲೆಕ್ಕಕ್ಕೂ ಬರುವುದಿಲ್ಲ. ಕಿಲ್ಲರ್‌ಗೆ ಕಾಣುವುದು ಪ್ರೋಗ್ರಾಮ್‌ಗಳು ಮಾತ್ರ, ಅವುಗಳಲ್ಲಿ ದೊಡ್ಡದನ್ನು ಆರಿಸಿ ಹೊಡೆಯುತ್ತದೆ. ಅದೇ ವರದಿಯ ಮೇಲ್ಭಾಗದಲ್ಲಿ ಸ್ಲ್ಯಾಬ್ ಅನ್‌ರೀಕ್ಲೇಮಬಲ್ ಎಂಬ ಸಂಖ್ಯೆ ಇರುತ್ತದೆ, ಓದಬೇಕಾದದ್ದು ಅದನ್ನು. ಅಲ್ಲಿ ಸುಮಾರು 30,000 ಎಂದಿತ್ತು. ಅದು ಪುಟಗಳ (ಕರ್ನಲ್ ಮೆಮೊರಿ ಹಂಚುವ ಘಟಕಗಳ) ಲೆಕ್ಕ, ಪುಟಕ್ಕೆ 4 ಕೆಬಿ. ಅಂದರೆ 117 ಎಂಬಿಯಷ್ಟು ರ‍್ಯಾಮ್ ಕರ್ನಲ್‌ನ ಸಣ್ಣಪುಟ್ಟ ತುಣುಕುಗಳಲ್ಲಿ ಸಿಕ್ಕಿಬಿದ್ದಿತ್ತು. ಆಗಷ್ಟೇ ಬೂಟ್ ಆದ ಪೆಟ್ಟಿಗೆಯಲ್ಲಿ ಅದು 14 ಎಂಬಿ.

ಇಲ್ಲೇ ಒಂದು ಭಾಗಾಕಾರ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಹೆಚ್ಚಾದದ್ದು 103 ಎಂಬಿ, ದಿನಕ್ಕೆ 1440 ಘೋಷಣೆ, ದಿನಗಳು ಒಂಬತ್ತು. ಒಂದು ಘೋಷಣೆಗೆ ಸುಮಾರು 8 ಕೆಬಿ. ಮುಂದೆ ಯಾವ ಸೋರಿಕೆ (ಪಡೆದು ಹಿಂತಿರುಗಿಸದ ಮೆಮೊರಿ) ಸಿಕ್ಕರೂ ಈ 8 ಕೆಬಿಗೆ ತಾಳೆಯಾಗಬೇಕು.

ಮೊದಲ ಕೆಲಸ, ತೊಂದರೆಯನ್ನು ಒಂಬತ್ತು ದಿನದಿಂದ ಅರ್ಧ ಗಂಟೆಗೆ ಇಳಿಸುವುದು. ಧ್ವನಿ ನುಡಿಸುವ ಎಪ್ಲೇ ಪ್ರೋಗ್ರಾಮ್‌ಗೆ, ಸೊನ್ನೆಗಳನ್ನಷ್ಟೇ ಕೊಡುವ ದೇವ್ ಝೀರೋ ಕಡತದಿಂದ ಬರುವ ನಿಶ್ಶಬ್ದವನ್ನೇ ಕೊಟ್ಟು, 48,000 ಹರ್ಟ್ಸ್, 16 ಬಿಟ್, ಒಂದು ಸೆಕೆಂಡ್ ನುಡಿಸಿ ಮುಚ್ಚುವ ಸುತ್ತು ಬರೆದೆವು. ಸಾವಿರ ಸುತ್ತಿಗೆ ಹದಿನೇಳು ನಿಮಿಷ. ಸಾಧನದ ಹೆಸರನ್ನು ಡೀಫಾಲ್ಟ್ ಎಂದು ಕೊಡದೆ ನೇರವಾಗಿ ಹಾರ್ಡ್‌ವೇರ್ ಹೆಸರನ್ನೇ ಕೊಡಬೇಕು. ಡೀಫಾಲ್ಟ್ ಎಂದರೆ ಮಧ್ಯದಲ್ಲಿ ಪಲ್ಸ್‌ಆಡಿಯೋ, ಪೈಪ್‌ವೈರ್‌ನಂಥ ಸೌಂಡ್ ಸರ್ವರ್ ಬಂದು ಕೂರಬಹುದು. ಅದು ಸಾಧನವನ್ನು ಒಮ್ಮೆ ತೆರೆದು ಹಿಡಿದುಕೊಂಡೇ ಇರುತ್ತದೆ. ಪಲ್ಸ್‌ಆಡಿಯೋ ಆದರೆ ಐದು ಸೆಕೆಂಡ್ ಸುಮ್ಮನಿದ್ದ ಮೇಲಷ್ಟೇ ಬಿಡುತ್ತದೆ. ಹಾಗಾದಾಗ ನಮ್ಮ ಸಾವಿರ ಸುತ್ತು ಡ್ರೈವರ್ ಪಾಲಿಗೆ ಒಂದೇ ಸುತ್ತು. ಡ್ರೈವರ್ ಬರೆದವರ ಲ್ಯಾಪ್‌ಟಾಪ್‌ನಲ್ಲಿ ಈ ಸೋರಿಕೆ ಯಾವತ್ತೂ ಕಾಣದೇ ಹೋದದ್ದಕ್ಕೆ ಇದೇ ಕಾರಣ.

ಸುತ್ತು ಓಡುತ್ತಿರುವಾಗ ಮೆಮೊರಿಯ ಲೆಕ್ಕ ತೋರಿಸುವ ಪ್ರಾಕ್ ಮೆಮ್‌ಇನ್ಫೋ ಕಡತವನ್ನು ಗಮನಿಸಬೇಕು. ಮೆಮ್‌ಅವೈಲಬಲ್ (ಬಳಕೆಗೆ ಸಿಗುವ ಮೆಮೊರಿ) ಇಳಿಯುತ್ತಾ ಹೋಗಿ, ಅಷ್ಟೇ ಪ್ರಮಾಣದಲ್ಲಿ ಎಸ್‌ಅನ್‌ರೀಕ್ಲೇಮ್ (ಮೇಲಿನ ಸ್ಲ್ಯಾಬ್ ಸಂಖ್ಯೆಯೇ) ಏರಿದರೆ ಸೋರುತ್ತಿರುವುದು ಸ್ಲ್ಯಾಬ್, ಅಂದರೆ ಕರ್ನಲ್ ಒಳಗೆ ಮೆಮೊರಿ ಹಂಚುವ ಕೆಮ್ಯಾಲಾಕ್ ಫಂಕ್ಷನ್ ಕೊಟ್ಟ ತುಣುಕುಗಳು. ಮೆಮ್‌ಅವೈಲಬಲ್ ಇಳಿದರೂ ಸ್ಲ್ಯಾಬ್ ಅಲುಗದಿದ್ದರೆ, ಪ್ರೋಗ್ರಾಮ್‌ಗಳೂ ಬೆಳೆಯದಿದ್ದರೆ, ಯಾರೋ ಇಡೀ ಪುಟಗಳನ್ನೇ ನೇರವಾಗಿ ತೆಗೆದುಕೊಳ್ಳುತ್ತಿದ್ದಾರೆ ಎಂದರ್ಥ. ಧ್ವನಿ ಡ್ರೈವರ್‌ಗಳಲ್ಲಿ ಅದು ಸಾಮಾನ್ಯವಾಗಿ ಡಿಎಂಎ ಬಫರ್, ಅಂದರೆ ಪ್ರೊಸೆಸರ್ ನಡುವೆ ಬಾರದೆ ಹಾರ್ಡ್‌ವೇರ್ ನೇರವಾಗಿ ಓದುವ ಮೆಮೊರಿ. ಅದಕ್ಕೆ ಬೇರೆ ಸಾಧನವಿದೆ: ಬೂಟ್ ಮಾಡುವಾಗ ಪೇಜ್ ಓನರ್ ಆನ್ ಮಾಡಿದರೆ ಪ್ರತಿ ಪುಟವನ್ನು ಪಡೆದವರು ಯಾರೆಂದು, ಕರ್ನಲ್ ತನ್ನ ಒಳಗಿನ ಸ್ಥಿತಿಯನ್ನು ಕಡತಗಳಾಗಿ ತೋರಿಸುವ ಡೀಬಗ್‌ಎಫ್‌ಎಸ್‌ನಲ್ಲಿ ಸಿಗುತ್ತದೆ. ನಮ್ಮಲ್ಲಿ ಸ್ಲ್ಯಾಬ್ಬೇ ಏರುತ್ತಿತ್ತು.

ಯಾವ ಅಳತೆಯ ಸ್ಲ್ಯಾಬ್ ಎಂಬುದನ್ನು ಸ್ಲ್ಯಾಬ್‌ಟಾಪ್ ಹೇಳುತ್ತದೆ. ಮೊದಲು ಇಪ್ಪತ್ತು ಸುತ್ತು ಸುಮ್ಮನೆ ಓಡಿಸಿ ಬಿಸಿ ಮಾಡಿಕೊಳ್ಳಬೇಕು, ಏಕೆಂದರೆ ಪ್ರತಿ ಪ್ರೊಸೆಸರ್ ಕೋರ್ ತನ್ನ ಬಳಿ ಒಂದಷ್ಟು ತುಣುಕುಗಳನ್ನು ಕೂಡಿಟ್ಟುಕೊಳ್ಳುತ್ತದೆ, ಅದು ಸೋರಿಕೆಯಂತೆ ಕಂಡು ದಾರಿ ತಪ್ಪಿಸುತ್ತದೆ. ಆಮೇಲೆ ಎಣಿಕೆ ಬರೆದಿಟ್ಟುಕೊಂಡೆವು. ಕೆಮ್ಯಾಲಾಕ್-8ಕೆ (8 ಕೆಬಿ ತುಣುಕುಗಳ) ಸಾಲಿನಲ್ಲಿ 60 ಇದ್ದದ್ದು ಸಾವಿರ ಸುತ್ತಿನ ನಂತರ 1060ರ ಆಸುಪಾಸು, ಇನ್ನೊಂದು ಸಾವಿರಕ್ಕೆ 2060. ಇಷ್ಟು ನೇರವಾದ ಗೆರೆ ಸಿಕ್ಕರೆ ಅನುಮಾನವೇ ಬೇಡ. ಕ್ಯಾಶ್ ಆಗಿದ್ದರೆ ಎರಡನೇ ಸಾವಿರದಲ್ಲಿ ಬಾಗುತ್ತಿತ್ತು.

ಆ ಹೊತ್ತಿಗೆ ಸೋರಿಕೆ ಹುಡುಕುವ ಕೆಮೆಮ್‌ಲೀಕ್ ಸೇರಿಸಿದ ಕರ್ನಲ್ ಕಂಪೈಲ್ ಆಗಿತ್ತು. 2009ರಲ್ಲಿ 2.6.31ರ ಜೊತೆ ಲಿನಕ್ಸ್‌ಗೆ ಬಂದ ಸಾಧನ ಇದು. ಕ್ಯಾಟಲಿನ್ ಮರಿನಾಸ್ ಬರೆದದ್ದು. ಕರ್ನಲ್‌ನ ಡೇಟಾ ಭಾಗ, ಸ್ಟ್ಯಾಕ್‌ಗಳು, ಪಡೆದ ತುಣುಕುಗಳ ಒಳಗು, ಎಲ್ಲವನ್ನೂ ಜಾಲಾಡಿ, ಯಾವ ತುಣುಕಿನ ವಿಳಾಸ ಎಲ್ಲಿಯೂ ಸಿಗುವುದಿಲ್ಲವೋ ಅದನ್ನು ಅನಾಥ ಎಂದು ವರದಿ ಮಾಡುತ್ತದೆ. ತಾನಾಗಿ ಹತ್ತು ನಿಮಿಷಕ್ಕೊಮ್ಮೆ ಹುಡುಕುತ್ತದೆ. ಕಾಯಲಾಗದಿದ್ದರೆ ಡೀಬಗ್‌ಎಫ್‌ಎಸ್‌ನ ಅದರ ಕಡತಕ್ಕೆ ಸ್ಕ್ಯಾನ್ ಎಂದು ಬರೆಯಬೇಕು. ಬಳಸುವವರು ಎಡವುವ ಜಾಗಗಳು ಮೂರು. ಬೂಟ್ ಹೊತ್ತಿನ ಅದರ ಮೆಮೊರಿ ಪೂಲ್ ಸಾಲದಿದ್ದರೆ ಲಾಗ್‌ನಲ್ಲಿ ಒಂದು ಸಾಲು ಹೇಳಿ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಅದನ್ನು ನೋಡದವರು ಖಾಲಿ ವರದಿ ನೋಡಿ ಸೋರಿಕೆಯೇ ಇಲ್ಲವೆಂದುಕೊಳ್ಳುತ್ತಾರೆ. ಐದು ಸೆಕೆಂಡ್ ವಯಸ್ಸಾಗದ ತುಣುಕನ್ನು ಅದು ವರದಿ ಮಾಡುವುದಿಲ್ಲ. ಮೂರನೆಯದು, ಎರಡು ಸ್ಕ್ಯಾನ್‌ಗಳ ನಡುವೆ ತುಣುಕಿನ ಚೆಕ್‌ಸಮ್ (ಒಳಗಿನ ಡೇಟಾದಿಂದ ಲೆಕ್ಕಹಾಕಿದ ಗುರುತುಸಂಖ್ಯೆ) ಬದಲಾಗಿದ್ದರೆ ಅದನ್ನು ಬಳಕೆಯಲ್ಲಿದೆ ಎಂದು ಭಾವಿಸುತ್ತದೆ, ಆದ್ದರಿಂದ ಒಂದೇ ಸ್ಕ್ಯಾನ್‌ಗೆ ಏನೂ ಸಿಗದಿರಬಹುದು. ಹಳೆಯ ವರದಿಯನ್ನು ಕ್ಲಿಯರ್ ಮಾಡಿ, ಸುತ್ತು ಓಡಿಸಿ, ಹತ್ತು ಸೆಕೆಂಡ್ ಬಿಟ್ಟು, ಎರಡು ಸಲ ಸ್ಕ್ಯಾನ್ ಮಾಡುವುದೇ ಸರಿಯಾದ ಕ್ರಮ.

ವರದಿ ಬಂತು. ಅನಾಥ ತುಣುಕುಗಳು ಆರು, ಒಂದೊಂದೂ 256 ಬೈಟ್, ಪಡೆದ ಪ್ರೋಗ್ರಾಮ್ ಎಪ್ಲೇ. ಕೆಳಗಿನ ಕರೆಗಳ ಸರಣಿಯಲ್ಲಿ, ಸಾಧನ ತೆರೆದಾಗ ಓಡುವ ಡ್ರೈವರ್‌ನ ಓಪನ್ ಫಂಕ್ಷನ್. ಸುತ್ತಿನ ಲಾಗ್ ನೋಡಿದರೆ ಸಾವಿರದಲ್ಲಿ ಏಳು ಸಲ ಸಾಧನ ತೆರೆಯಲಾಗಿರಲಿಲ್ಲ. ಆದೇಶಗಳನ್ನು ಒಯ್ಯುವ ಐ2ಸಿ ಕೇಬಲ್ ಸಡಿಲವಾಗಿದ್ದರಿಂದ ಕೋಡೆಕ್ ಉತ್ತರ ಕೊಟ್ಟಿರಲಿಲ್ಲ. ಏಳನೆಯ ತುಣುಕಿನ ವಿಳಾಸ ಎಲ್ಲೋ ಹಳೆಯ ಜಾಗದಲ್ಲಿ ಅಳಿಸದೇ ಉಳಿದಿತ್ತು, ಮುಂದಿನ ಸ್ಕ್ಯಾನ್‌ನಲ್ಲಿ ಅದೂ ಬಂತು.

ಕಾರಣ ಸ್ಪಷ್ಟ. ಓಪನ್‌ನಲ್ಲಿ ಡ್ರೈವರ್ ಮೊದಲು ತನ್ನ ಖಾಸಗಿ ರಚನೆಗೆ ಮೆಮೊರಿ ಪಡೆಯುತ್ತದೆ, ಆಮೇಲೆ ಕೋಡೆಕ್‌ಗೆ ಪವರ್ ಕೊಡುತ್ತದೆ. ಪವರ್ ಸಿಗದಿದ್ದರೆ ದೋಷ ಸಂಖ್ಯೆ ಹಿಂತಿರುಗಿಸುತ್ತದೆ, ಮೆಮೊರಿಯನ್ನು ಬಿಡುವುದಿಲ್ಲ. ಬಿಡುವ ಕೆಲಸ ಕ್ಲೋಸ್‌ನಲ್ಲಿದೆಯಲ್ಲ ಎಂಬ ನಂಬಿಕೆ. ಆದರೆ ಲಿನಕ್ಸ್ ಧ್ವನಿ ವ್ಯವಸ್ಥೆಯಾದ ಅಲ್ಸಾದ ಒಡಂಬಡಿಕೆ ಬೇರೆ: ಡ್ರೈವರ್‌ನ ಓಪನ್ ಸೋತರೆ ಅದರ ಕ್ಲೋಸನ್ನು ಅಲ್ಸಾ ಕರೆಯುವುದೇ ಇಲ್ಲ. ಅರ್ಧಕ್ಕೆ ಸೋತ ಓಪನ್ ತಾನು ಪಡೆದದ್ದನ್ನೆಲ್ಲ ತಾನೇ ತಿರುಗಿ ಒಪ್ಪಿಸಬೇಕು. ಅದೇ ಜಾಗದಲ್ಲಿ ಇನ್ನೊಂದು ಸೋರಿಕೆಯೂ ಇತ್ತು, ಆದರೆ ಅದು ಮೆಮೊರಿಯದಲ್ಲ. ಪವರ್ ಕೇಳುವ ಹಳೆಯ ಗೆಟ್ ಸಿಂಕ್ ಕರೆ ಸೋತರೂ ಬಳಕೆಯ ಎಣಿಕೆಯನ್ನು ಒಂದು ಏರಿಸಿಯೇ ಇರುತ್ತದೆ. ಇಳಿಸದೆ ಹೊರಬಂದರೆ ಕೋಡೆಕ್ ಮುಂದೆಂದೂ ನಿದ್ದೆಗೆ ಹೋಗುವುದಿಲ್ಲ. 5.10ರಿಂದ ಇರುವ ರೆಸ್ಯೂಮ್ ಅಂಡ್ ಗೆಟ್ ಬಳಸಿದರೆ, ಸೋತಾಗ ಎಣಿಕೆಯನ್ನು ಅದೇ ಇಳಿಸುತ್ತದೆ. ಎರಡನ್ನೂ ಸರಿಮಾಡಿದೆವು.

ಸೋರಿಕೆ ಸಿಕ್ಕಿತು ಎಂದು ಇಲ್ಲಿಗೇ ಎದ್ದುಹೋಗಬಹುದಿತ್ತು. ಲೆಕ್ಕ ಬಿಡಲಿಲ್ಲ. ಏಳು ತುಣುಕು, ತಲಾ 256 ಬೈಟ್, ಒಟ್ಟು 1792 ಬೈಟ್. ನಾವು ಹುಡುಕುತ್ತಿದ್ದದ್ದು ಸಾವಿರ ಸುತ್ತಿಗೆ 8 ಎಂಬಿ. ತೇಪೆ ಹಾಕಿದ ಡ್ರೈವರ್, ಬಿಗಿಮಾಡಿದ ಕೇಬಲ್‌ನೊಂದಿಗೆ ಮತ್ತೆ ಸಾವಿರ ಸುತ್ತು ಓಡಿಸಿದರೆ ಕೆಮೆಮ್‌ಲೀಕ್ ವರದಿ ಪೂರ್ತಿ ಖಾಲಿ, ಕೆಮ್ಯಾಲಾಕ್-8ಕೆ ಮಾತ್ರ ಮೊದಲಿನಂತೆಯೇ ಸಾವಿರ ಏರಿತ್ತು.

ಈ ಘಟ್ಟದಲ್ಲಿ ಬಹಳ ಉಪಯೋಗಕ್ಕೆ ಬರುವ ಪರೀಕ್ಷೆ ಒಂದಿದೆ, ಎರಡು ನಿಮಿಷದ ಕೆಲಸ. ಸಾಧನವನ್ನು ಬಳಸುವ ಎಲ್ಲವನ್ನೂ ನಿಲ್ಲಿಸಿ, ಸಾಧನ ಮತ್ತು ಡ್ರೈವರ್‌ಗಳನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಆ ಡ್ರೈವರ್‌ನ ಅನ್‌ಬೈಂಡ್ ಕಡತಕ್ಕೆ ಸಾಧನದ ಹೆಸರು ಬರೆದು ಡ್ರೈವರನ್ನು ಸಾಧನದಿಂದ ಬಿಡಿಸಬೇಕು. ಆಮೇಲೆ ಎಣಿಕೆ ನೋಡಬೇಕು. ಏರಿದ್ದು ಏರಿದಂತೆಯೇ ಉಳಿದರೆ ತುಣುಕುಗಳು ನಿಜಕ್ಕೂ ಕಳೆದುಹೋಗಿವೆ. ಎಣಿಕೆ ಕೆಳಗಿಳಿದರೆ ಅವು ಯಾರದೋ ಪಟ್ಟಿಯಲ್ಲಿ ಜೋಪಾನವಾಗಿದ್ದವು. ಹೆಸರು ಬರೆದು ಎಂಟರ್ ಒತ್ತಿದೆವು. ಸಾವಿರ ದಾಟಿದ್ದ ಸಂಖ್ಯೆ ಕ್ಷಣದಲ್ಲಿ ಅರವತ್ತಕ್ಕೂ ಕೆಳಗೆ ಇಳಿಯಿತು.

ಅಂದರೆ ಅನಾಥವಲ್ಲ, ಒಡೆಯನಿದ್ದಾನೆ, ಬಿಡುವವನು ಮಾತ್ರ ಇಲ್ಲ. ಕೆಮೆಮ್‌ಲೀಕ್ ಇಂಥದ್ದನ್ನು ಕಾಣಲಾರದು, ಅದರ ತಪ್ಪಲ್ಲ. ವಿಳಾಸ ಒಂದು ಕಡೆ ಸಿಕ್ಕರೂ ಸಾಕು, ಅದಕ್ಕೆ ತೃಪ್ತಿ.

ಕರೆದವರನ್ನು ಹಿಡಿಯಲು ಬೂಟ್ ಸಾಲಿನಲ್ಲಿ ಸ್ಲ್ಯಾಬ್ ತಪಾಸಣೆಯ ಆಯ್ಕೆಯಾದ ಸ್ಲಬ್ ಡೀಬಗ್‌ಗೆ ಯು ಎಂಬ ಅಕ್ಷರವನ್ನೂ ಕೆಮ್ಯಾಲಾಕ್-8ಕೆ ಹೆಸರನ್ನೂ ಕೊಟ್ಟೆವು. ಆ ಒಂದು ಅಳತೆಗೆ ಮಾತ್ರ ಕೊಟ್ಟದ್ದು ಬೇಕೆಂದೇ. ಎಲ್ಲ ಅಳತೆಗೂ ಹಾಕಿದರೆ 256 ಎಂಬಿಯ ಪೆಟ್ಟಿಗೆ ಏದುಸಿರು ಬಿಡುತ್ತದೆ. ಈ ಗುರುತು ಹಾಕಿದಾಗ ತುಣುಕುಗಳ ಗಾತ್ರವೂ ಹಿಗ್ಗುತ್ತದೆ, ಹಾಗಾಗಿ ಬೈಟ್ ಲೆಕ್ಕ ಬಿಟ್ಟು ತುಣುಕುಗಳನ್ನು ಎಣಿಸಬೇಕು. ಸುತ್ತು ಮುಗಿದ ಮೇಲೆ ಡೀಬಗ್‌ಎಫ್‌ಎಸ್‌ನ ಸ್ಲ್ಯಾಬ್ ವಿಭಾಗದಲ್ಲಿ ಅಲಾಕ್ ಟ್ರೇಸಸ್ ಕಡತ ತೆರೆದರೆ ಸಾವಿರದ ಎಣಿಕೆಯೊಂದಿಗೆ ಒಂದೇ ಹೆಸರು: ನಮ್ಮ ಡ್ರೈವರ್‌ನ ಎಚ್‌ಡಬ್ಲ್ಯೂ ಪ್ಯಾರಮ್ಸ್, ನುಡಿಸುವ ಮೊದಲು ದನಿಯ ವೇಗ, ಚಾನೆಲ್ ಇತ್ಯಾದಿ ಗೊತ್ತುಮಾಡುವ ಫಂಕ್ಷನ್.

ಕೋಡ್‌ನಲ್ಲಿ ಆ ಸಾಲು ನೋಡಲು ನಿರಪರಾಧಿ. ಘೋಷಣೆಗಳು ಮೊನೊ, ಕೋಡೆಕ್‌ಗೆ ಬೇಕಾದದ್ದು ಸ್ಟೀರಿಯೊ. ಒಂದೇ ದನಿಯನ್ನು ಎರಡೂ ಚಾನೆಲ್‌ಗೆ ನಕಲು ಮಾಡಲು 4096 ಬೈಟ್‌ನ ಬಫರ್ ಬೇಕು. ಅದನ್ನು ಡೆವ್‌ಎಂ ಕೆಝಡ್‌ಅಲಾಕ್‌ನಿಂದ ಪಡೆಯಲಾಗಿತ್ತು. ಡೆವ್‌ಎಂ ಎಂದರೆ ತಾನಾಗಿ ಬಿಡುಗಡೆಯಾಗುವ ಮೆಮೊರಿ, ಮರೆತರೂ ಚಿಂತೆಯಿಲ್ಲ ಎಂದು ಬಹಳ ಜನ ಕಲಿತಿರುತ್ತಾರೆ. ತಾನಾಗಿ ಬಿಡುಗಡೆಯಾಗುವುದು ನಿಜ, ಯಾವಾಗ ಎಂಬುದು ಪ್ರಶ್ನೆ. ಡ್ರೈವರ್ ಸಾಧನದಿಂದ ಬೇರೆಯಾದಾಗ. ಕಡತ ಮುಚ್ಚಿದಾಗ ಅಲ್ಲ. ವಾರಕ್ಕೊಂದು ಕಾರ್ಯಕ್ಕೆ ಬಾಡಿಗೆ ಪಾತ್ರೆ ತರಿಸಿ, ಎಲ್ಲವನ್ನೂ ಮನೆ ಖಾಲಿ ಮಾಡುವ ದಿನ ಒಟ್ಟಿಗೆ ಹಿಂತಿರುಗಿಸುತ್ತೇವೆ ಎಂದ ಹಾಗೆ. ಪೆಟ್ಟಿಗೆಯೊಳಗೆ ಕಾಯಂ ಆಗಿ ಕೂರಿಸಿದ ಕೋಡೆಕ್‌ನಿಂದ ಡ್ರೈವರ್ ಬೇರೆಯಾಗುವ ದಿನ ಬರುವುದೇ ಇಲ್ಲ. ಸಾಧನದ ಪಟ್ಟಿಯಲ್ಲಿ ಬಫರ್‌ಗಳು ಸಾಲುಗಟ್ಟುತ್ತಾ ಹೋಗುತ್ತವೆ.

4096 ಕೇಳಿದ್ದಕ್ಕೆ 8 ಕೆಬಿ ಯಾಕೆ ಹೋಯಿತು ಎಂಬುದಕ್ಕೂ ಉತ್ತರ ಇಲ್ಲೇ ಇತ್ತು. ಪಟ್ಟಿಯ ಕೊಂಡಿ, ಬಿಡುಗಡೆಯ ಫಂಕ್ಷನ್‌ನ ವಿಳಾಸ ಮುಂತಾದವುಗಳಿಗೆ ಡೆವ್‌ಎಂ ಪ್ರತಿ ತುಣುಕಿನ ಮುಂದೆ ಒಂದು ತಲೆಬರಹ ಸೇರಿಸುತ್ತದೆ. ಡಿಎಂಎ ಜೋಡಣೆಯ ನಿಯಮದಿಂದ 64 ಬಿಟ್ ಆರ್ಮ್‌ನಲ್ಲಿ ಅದು 128 ಬೈಟ್ ಜಾಗ ಹಿಡಿಯುತ್ತದೆ. 4096ಕ್ಕೆ 128 ಕೂಡಿಸಿದರೆ 4224, 4ಕೆ ಅಳತೆಯಲ್ಲಿ ಹಿಡಿಸದು, ಮುಂದಿನ ಅಳತೆ 8ಕೆ. ಬೆಳಗ್ಗೆ ಮಾಡಿಟ್ಟ ಭಾಗಾಕಾರ ತಾಳೆಯಾಯಿತು.

ಸರಿಪಡಿಸಲು ದಾರಿ ಎರಡು. ಎಚ್‌ಡಬ್ಲ್ಯೂ ಪ್ಯಾರಮ್ಸ್‌ನಲ್ಲಿ ಸಾದಾ ಕೆಝಡ್‌ಅಲಾಕ್‌ನಿಂದ ಪಡೆದು, ನುಡಿಸಿ ಮುಗಿದಾಗ ಬರುವ ಎಚ್‌ಡಬ್ಲ್ಯೂ ಫ್ರೀಯಲ್ಲಿ ಬಿಡುವುದು ಒಂದು. ಇದನ್ನು ಆರಿಸುವವರು ನೆನಪಿಡಬೇಕಾದದ್ದು: ಒಮ್ಮೆ ತೆರೆದ ಸಾಧನಕ್ಕೆ ಎಚ್‌ಡಬ್ಲ್ಯೂ ಪ್ಯಾರಮ್ಸ್ ಹಲವು ಸಲ ಬರಬಹುದು, ನಡುವೆ ಎಚ್‌ಡಬ್ಲ್ಯೂ ಫ್ರೀ ಬರದೆಯೂ ಇರಬಹುದು. ಅಲ್ಸಾಗಿಂತ ಹಿಂದಿನ ಧ್ವನಿ ವ್ಯವಸ್ಥೆಯಾದ ಓಎಸ್‌ಎಸ್‌ನ ಹಳೆಯ ಪ್ರೋಗ್ರಾಮ್‌ಗಳು ಅಲ್ಸಾದ ಅನುಕರಣೆಯ ಮೂಲಕ ಬಂದಾಗ ಹೀಗಾಗುತ್ತದೆ. ಹಾಗಾಗಿ ಹೊಸದನ್ನು ಪಡೆಯುವ ಮೊದಲು ಹಳೆಯದನ್ನು ಬಿಡಬೇಕು. ಎಚ್‌ಡಬ್ಲ್ಯೂ ಫ್ರೀಯೂ ಎರಡೆರಡು ಸಲ ಬರಬಹುದು, ಬಿಟ್ಟ ಕೂಡಲೇ ಪಾಯಿಂಟರನ್ನು (ಇಟ್ಟುಕೊಂಡ ವಿಳಾಸವನ್ನು) ನಲ್ ಮಾಡದಿದ್ದರೆ ಸೋರಿಕೆ ಹೋಗಿ ಕುಸಿತ ಬರುತ್ತದೆ. ನಾವು ಹಿಡಿದದ್ದು ಎರಡನೇ ದಾರಿ. ಪೀರಿಯಡ್‌ನ (ಒಮ್ಮೆಗೆ ಸಾಗಿಸುವ ದನಿಯ ಪಾಲಿನ) ಗರಿಷ್ಠ ಗಾತ್ರವನ್ನು ಡ್ರೈವರೇ ಘೋಷಿಸಿರುತ್ತದೆ, ನುಡಿಸುವ ಸ್ಟ್ರೀಮ್ ಇರುವುದೂ ಒಂದೇ. ಬಫರನ್ನು, ಡ್ರೈವರ್ ಸಾಧನಕ್ಕೆ ಸೇರಿಕೊಳ್ಳುವಾಗ ಓಡುವ ಪ್ರೋಬ್‌ನಲ್ಲಿ ಒಮ್ಮೆ ಪಡೆದು ಇಟ್ಟುಕೊಂಡರೆ ಮುಗಿಯಿತು. ಡೆವ್‌ಎಂ ಕರೆಗೆ ನಿಜವಾದ ಜಾಗವೂ ಪ್ರೋಬ್ ಫಂಕ್ಷನ್ನೇ. ತೇಪೆಯಲ್ಲಿ ಸಾಲುಗಳು ಕಡಿಮೆಯಾದವೇ ಹೊರತು ಹೆಚ್ಚಲಿಲ್ಲ.

ಓಪನ್‌ನ ಸೋಲುವ ದಾರಿಗಳನ್ನು ಸಡಿಲ ಕೇಬಲ್ ನಂಬಿಕೊಂಡು ಪರೀಕ್ಷಿಸುವಂತಿಲ್ಲ. ಅದಕ್ಕೆ ಫೇಲ್‌ಸ್ಲ್ಯಾಬ್ ಇದೆ, ಮೆಮೊರಿ ಕೇಳಿದಾಗ ಬೇಕೆಂದೇ ಇಲ್ಲ ಎನ್ನುವಂತೆ ಮಾಡುವ ವ್ಯವಸ್ಥೆ. ಪ್ರಾಕ್‌ನ ಫೇಲ್ ಎನ್ತ್ ಕಡತಕ್ಕೆ 1 ಎಂದು ಬರೆದು ಸಾಧನ ತೆರೆದರೆ ಮೊದಲ ಬೇಡಿಕೆ ಸೋಲುತ್ತದೆ, 2 ಎಂದರೆ ಎರಡನೆಯದು. ಸಂಖ್ಯೆಯನ್ನು ಒಂದೊಂದೇ ಏರಿಸುತ್ತಾ, ತೆರೆದ ಮೇಲೂ ಕಡತದಲ್ಲಿ ಸೊನ್ನೆಯಲ್ಲದ ಸಂಖ್ಯೆ ಉಳಿಯುವವರೆಗೆ ಹೋಗಬೇಕು. ಉಳಿಯಿತೆಂದರೆ ಸೋಲಿಸಲು ಇನ್ನು ಬೇಡಿಕೆಯೇ ಇಲ್ಲ. ಇಗ್ನೋರ್ ಜಿಎಫ್‌ಪಿ ವೇಟ್ ಎಂಬ ಆಯ್ಕೆಯನ್ನು ಎನ್ (ಇಲ್ಲ) ಮಾಡುವುದು ಮರೆಯಬಾರದು. ಮೊದಲಿನಂತೆ ವೈ (ಹೌದು) ಇದ್ದರೆ, ಮೆಮೊರಿ ಸಿಗುವವರೆಗೆ ಕಾಯಬಲ್ಲ ಬೇಡಿಕೆಗಳನ್ನು ಅದು ಮುಟ್ಟುವುದಿಲ್ಲ. ಓಪನ್‌ನಲ್ಲಿ ಡ್ರೈವರ್‌ಗಳು ಕೇಳುವುದು ಬಹುಪಾಲು ಅಂಥವನ್ನೇ. ಪರೀಕ್ಷೆ ಸುಳ್ಳೇ ಪಾಸಾಗುತ್ತದೆ.

ಆ ಸುತ್ತಿನ ನಂತರವೂ ಕೆಮೆಮ್‌ಲೀಕ್ ಖಾಲಿ. ಕೊನೆಗೆ ಡೀಬಗ್ ಸಾಧನ ಯಾವುದೂ ಇಲ್ಲದ, ನಿಲ್ದಾಣಕ್ಕೆ ಹೋಗುವ ಮಾಮೂಲಿ ಕರ್ನಲ್ ಹಾಕಿ ಹತ್ತು ಸಾವಿರ ಸುತ್ತು ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಕೆಮ್ಯಾಲಾಕ್-8ಕೆ ಸಾಲಿನಲ್ಲಿದ್ದದ್ದು 44, ಎಸ್‌ಅನ್‌ರೀಕ್ಲೇಮ್ 14 ಎಂಬಿ.