ಮುಳುಗಡೆಗೂ ಮೊದಲಿನ ನಕಾಶೆ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತಲ್ಲ, ಅದಕ್ಕೂ ಹಿಂದಿನ ಸರ್ವೆ ನಕಾಶೆಯೊಂದು ಸಿಕ್ಕಿತು. ಮೈಲಿಗೆ ಒಂದು ಇಂಚಿನ ಅಳತೆಯದು. ಬಯಲುಸೀಮೆಯ ಊರಾದರೆ ಮನೆಗಳೆಲ್ಲ ಒಂದೇ ಕಡೆ ಗುಂಪು. ಶರಾವತಿ ಕಣಿವೆಯಲ್ಲಿ ಹಾಗಿಲ್ಲ. ಒಂದು ಹಳ್ಳ, ಪಕ್ಕದಲ್ಲಿ ಒಂದೋ ಎರಡೋ ಕೆಂಪು ಚುಕ್ಕಿ, ಗುಡ್ಡ ಹತ್ತಿಳಿದರೆ ಮತ್ತೊಂದು. ನೀರು, ತೋಟ ಎಲ್ಲೋ ಮನೆಯೂ ಅಲ್ಲೇ. ಚುಕ್ಕಿಯಿಂದ ಚುಕ್ಕಿಗೆ ತುಂಡುಗೆರೆಯ ಕಾಲುದಾರಿ. ಮದುವೆ ಕರೆಯೋಕೆ, ಅಡಿಕೆ ಕೊಯ್ಲಿಗೆ, ಜಗಳಕ್ಕೂ ಇದೇ ದಾರಿ ಹಿಡಿದಿರಬೇಕು!

ಈಗಿನ ನಕಾಶೆಯಲ್ಲಿ ಅಲ್ಲೆಲ್ಲ ಬರೀ ನೀಲಿ. ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಅದರೊಳಗೇ, ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ತಲೆ ಎತ್ತುತ್ತದೆ.

ಅಮ್ಮನಿಗೆ ಫೋನಲ್ಲಿ ಊರ ಹೆಸರುಗಳನ್ನು ಓದುತ್ತಿದ್ದೆ. ಮೂರನೆಯದಕ್ಕೆ, "ತಡಿ, ಅದು ನಮ್ಮಜ್ಜಿ ತೌರು" ಅಂದಳು.