ಅಜ್ಜಿಯ ಬಾಯಿ

ಮಡಿಕೇರಿಯಲ್ಲಿ ಮಳೆ ಬಿಟ್ಟಿಲ್ಲ. ಡ್ರಾಯಿಂಗ್ ಶೀಟು ತೇವ ಕುಡಿದು ಡಬ್ಬಿಯಿಂದ ಹೊರಗಿಟ್ಟ ಹಪ್ಪಳದ ಹಾಗೆ ಮೆತ್ತಗಾಗಿದೆ. ಅದರ ಮೇಲೆ ನಾಲ್ಕು ದಿನದಿಂದ ಅಜ್ಜಿಯ ಮುಖ ಬರೆಯುತ್ತಿದ್ದೇನೆ. ಉಜ್ಜಿ ಉಜ್ಜಿ ಕೆನ್ನೆ ಹತ್ತಿರ ಕಾಗದಕ್ಕೇ ಜುಂಗು ಎದ್ದಿದೆ.

ಮೊದಲ ದಿನ ಕಣ್ಣು ಮೇಲೆ ಹೋಗಿತ್ತು. ಹೊಸಬರೆಲ್ಲ ಮಾಡುವ ತಪ್ಪೇ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಹೆಚ್ಚುಕಡಿಮೆ ನಟ್ಟನಡುವೆ ಬರುತ್ತದೆ. ಮನಸ್ಸು ಒಪ್ಪಬೇಕಲ್ಲ! ಅದನ್ನು ಇಳಿಸಿದೆ. ಮೂಗು ಬಂತು, ತಲೆವಸ್ತ್ರದ ಗಂಟೂ ಬಂತು. ಆದರೂ ಅಜ್ಜಿಯ ದೂರದ ನೆಂಟರು ಯಾರೋ ಕೂತ ಹಾಗಿತ್ತು.

ಮೊಬೈಲ್ ಫೋಟೋ ನಂಬೋಣ ಅಂದರೆ, ಹತ್ತಿರದಿಂದ ತೆಗೆದಿದ್ದಕ್ಕೆ ಮೂಗು ದಪ್ಪ, ಕಿವಿ ಎಲ್ಲೋ ಹಿಂದೆ. ಜೊತೆಗೆ ಕ್ಯಾಮೆರಾ ಕಂಡರೆ ಅಜ್ಜಿ ಪರೇಡಿಗೆ ನಿಂತ ಹಾಗೆ ಬಿಗಿ.

ಕೊನೆಗೆ ಚಿತ್ರವನ್ನು ಕನ್ನಡಿಗೆ ಹಿಡಿದೆ. ಎಡ ಬಲ ಅದಲುಬದಲಾದರೆ ತಪ್ಪು ತಟ್ಟನೆ ಕಾಣುತ್ತೆ. ಬಾಯಿ! ಅಜ್ಜಿ ಎಲೆಅಡಿಕೆ ಇಟ್ಟುಕೊಳ್ಳುವುದು ಎಡ ದವಡೆಗೆ. ಬಾಯಿ ಖಾಲಿ ಇದ್ದಾಗಲೂ ಆ ತುದಿ ಒಂದು ಚೂರು ಕೆಳಗೆ. ನಾನು ಸುಮ್ನೆ ಎರಡೂ ಕಡೆ ಸಮ ಮಾಡಿ ಚೆಂದ ಮಾಡಿಬಿಟ್ಟಿದ್ದೆ. ಹೋಲಿಕೆ ಕಣ್ಣಲ್ಲಿದೆ ಅಂತಾರೆ. ನನಗಂತೂ ಅದು ಇಂಥ ಸೊಟ್ಟ ಜಾಗದಲ್ಲೇ ಜಾಸ್ತಿ ಅನಿಸುತ್ತೆ.

ಒಂದೇ ಒಂದು ಗೀಟು ಇಳಿಸಿದೆ. ಅಜ್ಜಿ ಬಂದರು.

ತೋರಿಸಿದೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

"ಇದು ನನ್ನ ಅಮ್ಮ ಅಲ್ವಾ? ನೀನು ನೋಡಿಯೇ ಇಲ್ಲ, ಹೇಗೆ ಬರೆದೆ?"