ಐಡಿಯಾ ಎಲ್ಲಿಂದ ಬರುತ್ತೆ ಅಂತ ಕೇಳಬೇಡಿ

ಮನೆಯಲ್ಲೇ ಬಟ್ಟೆಗೆ ಅಚ್ಚು ಒತ್ತುತ್ತೇನೆ ಅಂತ ಗೊತ್ತಾದರೆ ಸಾಕು, ಜನ ಕೇಳುವುದು ಒಂದೇ: "ಡಿಸೈನ್ ಐಡಿಯಾ ಎಲ್ಲಿಂದ ಬರುತ್ತೆ?" ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಪ್ರಶ್ನೆಗಿಂತ ರೇಗಿಸುವುದು ಕೇಳುವ ವರಸೆ. ಉತ್ತರವನ್ನು ತಾವೇ ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ. "ನೇಚರ್ ಅಲ್ವಾ?" ಅನ್ನುವವರು ಒಂದು ಕಡೆ, "ಇಂಟರ್ನೆಟ್ಟಲ್ಲಿ ಚಿತ್ರ ಹುಡುಕೋ ಪಿಂಟರೆಸ್ಟಾ?" ಅಂತ ಕಣ್ಣು ಕಿರಿದು ಮಾಡುವವರು ಇನ್ನೊಂದು ಕಡೆ. ಒಂದೋ ನಾನು ಋಷಿ, ಇಲ್ಲಾ ಕಳ್ಳಿ.

ಹೋದ ಬೇಸಿಗೆಯಲ್ಲಿ ಒಂದು ಗೃಹಪ್ರವೇಶದ ಊಟ. ಪಕ್ಕದ ಎಲೆಗೆ ಕೂತಿದ್ದ ದೂರದ ಸಂಬಂಧದ ಮಾವ ಕೋಸಂಬರಿಯಿಂದ ಶುರು ಮಾಡಿದವರು ಹೋಳಿಗೆ ಬರುವ ಹೊತ್ತಿಗೆ ಅಲ್ಲಿಗೇ ಬಂದರು. "ಈ ಸ್ಫೂರ್ತಿಯೆಲ್ಲ ಎಲ್ಲಿಂದಮ್ಮಾ ನಿನಗೆ? ಬೆಳಿಗ್ಗೆ ವಾಕಿಂಗ್ ಹೋಗ್ತೀಯಾ?"

"ಬಚ್ಚಲಿನ ಜಾಲರಿಯಿಂದ, ಮಾವ" ಅಂದೆ.

ತಮಾಷೆಯಲ್ಲ, ನಿಜ. ನೀರು ಹೋಗುವ ಆ ದುಂಡು ಜಾಲರಿಯನ್ನು ನೋಡಿಯೇ ಲಿನೋ ಅನ್ನುವ, ಕೆತ್ತಲು ಮೆತ್ತಗಿರುವ ಹಾಳೆಯಲ್ಲಿ ಅಚ್ಚು ಕೆತ್ತಿದ್ದೆ. ಎದುರು ಸಾಲಿನಲ್ಲಿ ಕೂತಿದ್ದ ಅವರ ಸೊಸೆಯ ದುಪಟ್ಟಾ ತುಂಬ ಅದೇ ಇತ್ತು. ಮಾವ ಸೊಸೆಯ ಕಡೆ ನೋಡಿದರು, ತಮ್ಮ ಎಲೆ ನೋಡಿಕೊಂಡರು. ಆಮೇಲೆ ಮೆಲ್ಲಗೆ, "ಅವಳಿಗೆ ಹೇಳಬೇಡಮ್ಮ" ಅಂದರು.

ಯಾಕೆ ಹೇಳಬಾರದು? ಬೇಲೂರಿನ ಗುಡಿಯ ಜಾಲಂಧ್ರ, ಅಂದರೆ ತೂತು ತೂತಿನ ಕಲ್ಲಿನ ಜಾಲರಿ, ಅಂದಿದ್ದರೆ ತಲೆದೂಗುತ್ತಿದ್ದರು. ಕಲ್ಲೋ ಸ್ಟೀಲೋ, ಎರಡರಲ್ಲೂ ಯಾರೋ ಕೂತು ತೂತು ಎಲ್ಲಿ ಬರಬೇಕು, ತೂತಿನ ನಡುವೆ ಎಷ್ಟು ಉಳಿಯಬೇಕು ಅಂತ ಲೆಕ್ಕ ಹಾಕಿದ್ದಾರೆ. ನನಗೆ ಬೇಕಾದದ್ದು ಆ ಲೆಕ್ಕ.

ಜನಕ್ಕೆ ಬೇಕಾದಂಥ ಕಥೆ ಇಂಗ್ಲೆಂಡಿನ ಬಟ್ಟೆ ವಿನ್ಯಾಸಗಾರ ವಿಲಿಯಂ ಮಾರಿಸ್ ಹತ್ತಿರ ಇದೆ. ತೋಟದ ಸ್ಟ್ರಾಬೆರಿಯನ್ನು ಹಕ್ಕಿಗಳು ಕದಿಯುವುದನ್ನು ನೋಡಿ 1883ರಲ್ಲಿ 'ಸ್ಟ್ರಾಬೆರಿ ಥೀಫ್' ಅನ್ನುವ ವಿನ್ಯಾಸ ಮಾಡಿದ. ಹಕ್ಕಿಯ ಕಥೆ ಎಲ್ಲರಿಗೂ ಇಷ್ಟ. ಆದರೆ ಬಟ್ಟೆಯನ್ನು ಮೊದಲು ನೀಲಿಯಲ್ಲಿ ಅದ್ದಿ, ಬೇಕಾದ ಕಡೆ ಅಚ್ಚಿನಿಂದ ಬಣ್ಣ ತೆಗೆದು, ಅಲ್ಲಿ ಕೆಂಪು, ಹಳದಿ ತುಂಬುವಷ್ಟರಲ್ಲಿ ಹಲವು ದಿನ ಹಿಡಿಯುತ್ತಿತ್ತು. ಅದನ್ನು ಯಾರೂ ಕೇಳುವುದಿಲ್ಲ. ಹಕ್ಕಿಗೆ ಎಲ್ಲ ಕ್ರೆಡಿಟ್ಟು.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಒಂದು ಅಚ್ಚು ಪಕ್ಕದ ಅಚ್ಚಿಗೆ ಹೇಗೆ ಕೂಡುತ್ತೆ?

ಒಂದು ಹೂವು ಯಾರು ಬೇಕಾದರೂ ಕೆತ್ತಬಹುದು. ಬೆಂಡೆಕಾಯಿ ಅಡ್ಡ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತಿ, ಚೆಂದದ ನಕ್ಷತ್ರ ಬರುತ್ತೆ. ಅದನ್ನೇ ಎರಡೂವರೆ ಮೀಟರ್ ಬಟ್ಟೆಗೆ ನೆಟ್ಟಗೆ ಸಾಲು ಸಾಲಾಗಿ ಒತ್ತಿ, ಗೋಡೆಗೆ ತೂಗುಹಾಕಿ, ದೂರ ನಿಂತು ನೋಡಿ. ನಕ್ಷತ್ರ ಕಾಣುವುದಿಲ್ಲ, ನಡುವೆ ಉಳಿದ ಖಾಲಿ ಜಾಗ ಉದ್ದಕ್ಕೂ ಪಟ್ಟೆಯಾಗಿ ಎದ್ದು ಕಾಣುತ್ತೆ. ಆ ಪಟ್ಟೆ ಒಡೆಯಬೇಕಾದರೆ ಕೆಳಗಿನ ಸಾಲನ್ನು ಅರ್ಧ ಸರಿಸಬೇಕು, ಮೇಲಿನ ಎರಡರ ಸಂದಿಗೆ ಬರುವ ಹಾಗೆ. ನಮ್ಮ ಅಜ್ಜಿ ಅಂಗಳದಲ್ಲಿ ರಂಗೋಲಿಗೆ 7ರಿಂದ 4ರವರೆಗೆ ಸಂದು ಚುಕ್ಕಿ ಇಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಗುಜರಾತಿನ ಕಛ್‌ನಲ್ಲಿ ಅಜ್ರಕ್ ಅನ್ನುವ ಅಚ್ಚಿನ ಬಟ್ಟೆ ಮಾಡುವವರಿಗೂ ಹೀಗೇ, ಮೊದಲು ಕೈವಾರ ಮತ್ತು ಚೌಕದ ಮನೆಗಳು, ಹೂವು ಆಮೇಲೆ. ಹಾಗಾಗಿ ನಾನು ಮೊದಲು ಅಚ್ಚಿನ ಅಂಚು ಬಿಡಿಸುತ್ತೇನೆ. ಎಡಗಡೆ ಆಚೆ ಹೋದ ಎಸಳು ಬಲಗಡೆಯಿಂದ ಒಳಗೆ ಬರಬೇಕು, ಮೇಲೆ ತುಂಡಾದ ಬಳ್ಳಿ ಕೆಳಗೆ ಮುಂದುವರಿಯಬೇಕು. ಇದು ಕೂಡಿದ ಮೇಲೆ ನಡುವೆ ಮಾವಿನಕಾಯಿ ಬರಲಿ, ಜಾಲರಿ ಬರಲಿ, ನನಗೇನು.

ಉಳಿದದ್ದು ಮೈಕೈ ನೋವು. ಗಂಜಿ ಹೋಗುವ ತನಕ ಬಟ್ಟೆ ತೊಳೆ, ಮೇಜಿನ ಮೇಲೆ ಕಂಬಳಿ ಹಾಸು, ಬಟ್ಟೆಗೆ ಅಂಟಿಸುವ ಬೈಂಡರ್ ಬೆರೆಸಿದ ಬಣ್ಣವನ್ನು ಸ್ಪಂಜಿಗೆ ಸವರು, ಒತ್ತು, ಮುಷ್ಟಿಯಿಂದ ಗುದ್ದು, ಒಣಗಿಸು, ಬಣ್ಣ ಕೂರುವ ಹಾಗೆ ಇಸ್ತ್ರಿ ಹಾಕು. ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಸ್ಫೂರ್ತಿ ಬಗ್ಗೆ ಕೇಳಿದವರ್ಯಾರೂ ಬಂದು ಒಂದು ತುದಿ ಹಿಡಿದುಕೊಂಡಿಲ್ಲ.

ಇಷ್ಟು ವರ್ಷದಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ನಮ್ಮ ಬೀದಿಯ ಟೈಲರ್ ಒಬ್ಬರೇ. ಬಟ್ಟೆ ಹರಡಿ, ಟೇಪು ಇಟ್ಟು, ಮುಖ ಎತ್ತದೆ ಕೇಳಿದರು: "ಇದು ಎಷ್ಟು ಇಂಚಿಗೆ ತಿರುಗಿ ಬರುತ್ತೆ ಮೇಡಂ? ಸೈಡ್ ಹೊಲಿಗೆಯಲ್ಲಿ ಹೂವಿಗೆ ಹೂವು ಕೂಡಿಸಬೇಕು."

"ಆರು ಇಂಚು. ಆದರೆ ಒಂದು ಸಾಲು ಬಿಟ್ಟು ಒಂದು ಸಾಲು ಮೂರು ಇಂಚು ಸರಿದಿದೆ" ಅಂದೆ. ಇನ್ನೂ ಬಹಳ ಹೇಳುವವಳಿದ್ದೆ.

"ಹಾಗಾದ್ರೆ ಅರ್ಧ ಮೀಟರ್ ಜಾಸ್ತಿ ಬೇಕು" ಅಂದರು.